ಬಸ್ಸು ತಡವಾಗಲು ಕಾರಣ

ನಮ್ಮ ಮನೆಯವರು ಮದುವೆಯಾದದ್ದು ನನ್ನನ್ನೋ, ಗುಡ್ಡ ಹತ್ತಿ ಬರುತ್ತಿದ್ದ ಆ ಹಳದಿ ಬಸ್ಸನ್ನೋ ಎಂಬ ಸಂಶಯ ನನಗೆ ಬಹಳ ದಿನ ಇತ್ತು. ನಾನು ಹುಟ್ಟಿದ ದಿನ ಅವರಿಗೆ ನೆನಪಿರುತ್ತಿರಲಿಲ್ಲ. ಬಸ್ಸಿನ ವೇಳೆಯನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದರು. ತಮಾಷೆಯೆಂದರೆ ಅವರು ಆ ಬಸ್ಸಿನಲ್ಲಿ ಆಫೀಸಿಗೆ ಹೋಗುತ್ತಲೇ ಇರಲಿಲ್ಲ! ಜೊತೆಗೆ ಕೆಲಸ ಮಾಡುವ ಜರ್ಮನ್ ಒಬ್ಬ ದಿನಾ ಬೆಳಿಗ್ಗೆ ಮನೆಯ ಮುಂದೆ ಕಾರು ನಿಲ್ಲಿಸುತ್ತಿದ್ದ, ಇವರು ಬುತ್ತಿ ಹಿಡಿದು ಹತ್ತಿ ಕೂರುತ್ತಿದ್ದರು.

ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿಯವರೂ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ನಾವು ಧಾರವಾಡದಿಂದ ಜರ್ಮನಿಗೆ ಬಂದವರು. ಮ್ಯಾನ್‌ಹೈಮ್‌ನಲ್ಲಿ ಮನೆ ತುಟ್ಟಿ ಎಂದು ದೂರದ ಗುಡ್ಡದ ಮೇಲಿನ ಹಳ್ಳಿಯಲ್ಲಿ ಬಾಡಿಗೆಗೆ ಹಿಡಿದೆವು. ಅಲ್ಲಿದ್ದದ್ದು ಒಂದು ಬೇಕರಿ, ಒಂದು ಚರ್ಚು, ಮತ್ತು ಮಾತಾಡಿಸಿದರೆ ಬೆಚ್ಚಿಬೀಳುವ ನೆರೆಯವರು. ನನಗೆ ಕೆಲಸ ಮಾಡಲು ಪರವಾನಗಿ ಇರಲಿಲ್ಲ, ಕಾರು ನಡೆಸಲು ಬರುತ್ತಿರಲಿಲ್ಲ. ಗುಡ್ಡದ ಕೆಳಗಿನ ಸ್ಟೇಷನ್ನಿಗೆ ಇಳಿಯಲು ಆ ಬಸ್ಸೊಂದೇ ದಾರಿ. ಅಲ್ಲಿ ರೈಲು ಹಿಡಿದರೆ ನನ್ನ ಜರ್ಮನ್ ಕ್ಲಾಸು, ತೊಗರಿಬೇಳೆ ಸಿಗುವ ಅಂಗಡಿ, ಕನ್ನಡ ಮಾತಾಡುವ ನಾಲ್ಕು ಜನ. ಬಸ್ಸು ಕೆಟ್ಟ ದಿನ ನಾನು ಕಿಟಕಿಯಲ್ಲಿ ನಿಂತು ಎದುರು ಮನೆಯ ಬೆಕ್ಕಿನ ಜೊತೆ ಮಾತಾಡುತ್ತಿದ್ದೆ. ಅದಕ್ಕೂ ಕನ್ನಡ ಬರುತ್ತಿರಲಿಲ್ಲ.

ಅದು ಲಾಭದ ಬಸ್ಸಲ್ಲ. ಊರಿನ ಕೌನ್ಸಿಲ್, ಇಲ್ಲಿಯವರ ಬಾಯಲ್ಲಿ ಗೆಮೈಂಡೆರಾಟ್, ಕೈಯಿಂದ ದುಡ್ಡು ಹಾಕಿ ಅದನ್ನು ಓಡಿಸುತ್ತಿತ್ತು. ಒಂದು ವಸಂತದಲ್ಲಿ ಅವರಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು: ಬಸ್ಸಿನಲ್ಲಿ ಜನ ಕಡಿಮೆ, ಪರಿಶೀಲಿಸಿ, ಬೇಡವೆನಿಸಿದರೆ ನಿಲ್ಲಿಸೋಣ. ಪರಿಶೀಲಿಸಲಿ, ಬೇಡ ಎಂದವರು ಯಾರು? ಆದರೆ ತಲೆ ಎಣಿಸಲು ಬಸ್ಸಿನಲ್ಲಿ ಒಬ್ಬ ಹೆಂಗಸನ್ನು ಕೂರಿಸಿದ್ದು ಯಾವ ವಾರ? ಶಾಲೆಗಳಿಗೆ ರಜೆ ಇದ್ದ ವಾರ! ಮದುವೆ ಮುಗಿದ ಮರುದಿನ ಛತ್ರಕ್ಕೆ ಹೋಗಿ, ಊಟಕ್ಕೆ ಯಾರೂ ಬಂದಿಲ್ಲ ಎಂದು ಬರೆದುಕೊಂಡ ಹಾಗಾಯಿತು. ಊರ ನಡುವಿನ ಕಾರಂಜಿಗೆ ಹೊಸ ಕಲ್ಲು ಹಾಸಲು ಮಾತ್ರ ಅವರ ಹತ್ತಿರ ದುಡ್ಡಿತ್ತು. ಕುಡಿಯಲು ಬಾರದ ಆ ನೀರಿಗೆ ಯಾವ ಪರಿಶೀಲನೆಯೂ ಇರಲಿಲ್ಲ.

ಊರಿನ ಕೆಲವರು ಗೊಣಗಿದ ಮೇಲೆ, ಆಗಲಿ, ಬೇಸಿಗೆ ಮುಗಿಯುವವರೆಗೂ ಎಣಿಸುತ್ತೇವೆ ಎಂದರು. ನಮ್ಮ ಮನೆಯವರಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಶನಿವಾರ ಬಂತೆಂದರೆ ಯಾರನ್ನಾದರೂ ಊಟಕ್ಕೆ ಕರೆಯುವುದೇ. ಕರಾರು ಒಂದೇ, ಬಸ್ಸಿನಲ್ಲಿ ಬರಬೇಕು. ಅವರ ಆಫೀಸಿನ ಬೆಂಗಳೂರಿನ ಹುಡುಗನೊಬ್ಬ ಆಗತಾನೇ ಕಾರು ಕೊಂಡಿದ್ದ.

"ಸರ್, ಕಾರಲ್ಲಿ ಬಂದ್ರೆ ಅರ್ಧ ಗಂಟೆ ಅಷ್ಟೇ," ಎಂದು ಫೋನಿನಲ್ಲಿ ಗೋಗರೆದ.

"ಕಾರಿನ್ಯಾಗ ಬಂದ್ರ ನಿನಗ ರೊಟ್ಟಿ ಇಲ್ಲ. ಬರೇ ಅನ್ನ."

ಪಾಪ, ಅವನು ಹೊಸ ಕಾರನ್ನು ಸ್ಟೇಷನ್ನಿನ ಹತ್ತಿರ ನಿಲ್ಲಿಸಿ ಬಸ್ಸು ಹತ್ತಿ ಬಂದ. ಅಷ್ಟು ಜನಕ್ಕೆ ರೊಟ್ಟಿ ಬಡಿದವಳು ಯಾರು? ಅದನ್ನು ಯಾವ ಕೌನ್ಸಿಲ್ಲೂ ಎಣಿಸಲಿಲ್ಲ.

ಊಟವಾದ ಮೇಲೆ ಕಳಿಸುವ ಸಂಭ್ರಮ. ನಮ್ಮ ಕಡೆ ಬಂದವರನ್ನು ಬಾಗಿಲಲ್ಲೇ ಕಳಿಸಿಬಿಡುವ ಪದ್ಧತಿ ಇಲ್ಲ, ಓಣಿಯ ತುದಿಯವರೆಗಾದರೂ ಹೋಗಬೇಕು. ಇವರು ಅತಿಥಿಗಳ ಜೊತೆ ಬಸ್ಸನ್ನೇ ಹತ್ತಿ, ಸ್ಟೇಷನ್ನಿನವರೆಗೆ ಕಳಿಸಿ, ಅದೇ ಬಸ್ಸಿನಲ್ಲಿ ಹಿಂತಿರುಗುತ್ತಿದ್ದರು. ಹೋಗುವಾಗ ಒಂದು ತಲೆ, ಬರುವಾಗ ಒಂದು ತಲೆ! ಆ ತಲೆಯ ಮೇಲೆ ಬೇಸಿಗೆಯಲ್ಲೂ ಒಂದು ಮಂಕಿ ಕ್ಯಾಪ್. ಎಣಿಸುವಾಕೆಗೆ ಎದ್ದು ಕಾಣಲಿ ಎಂದೋ ಏನೋ.

ಎಡವಟ್ಟಾದದ್ದು ಟಿಕೆಟ್ಟಿನಲ್ಲಿ. ಇಲ್ಲಿ ಟಿಕೆಟ್ ಕೊಡುವವನು ಡ್ರೈವರನೇ. ನಮ್ಮವರು ಹತ್ತಿದೊಡನೆ ಅವನ ಮುಂದೆ ಶುರುವಾಗುತ್ತಿತ್ತು: ನಾ ತಗಸ್ತೀನಿ, ಏ ನೀವು ಬಿಡ್ರಿ, ನಮ್ಮ ಮನಿಗೆ ಬಂದು ನೀ ಟಿಕೆಟ್ ತಗಸ್ತೀಯೇನು? ಒಬ್ಬರು ಇನ್ನೊಬ್ಬರ ಕೈ ಹಿಡಿದು ಎಳೆಯುವುದು, ಚಾಚಿದ ನೋಟನ್ನು ತಿರುಗಿ ಜೇಬಿಗೆ ತುರುಕುವುದು. ದಪ್ಪ ಮೀಸೆಯ ಡ್ರೈವರ್ ಮೊದಲ ಸಲ ಇದು ನಿಜವಾದ ಹೊಡೆದಾಟವೆಂದು ತಿಳಿದು ಬಿಡಿಸಲು ಎದ್ದು ನಿಂತಿದ್ದ. ಆಮೇಲೆ ರೂಢಿಯಾಯಿತು. ನಮ್ಮ ಸ್ಟಾಪು ಬಂದರೆ ಎಂಜಿನ್ ಆರಿಸಿ ಸ್ಯಾಂಡ್‌ವಿಚ್ ಬಿಚ್ಚುತ್ತಿದ್ದ.

ಬೇಸಿಗೆ ಮುಗಿದ ಮೇಲೆ ಕೌನ್ಸಿಲ್ಲಿನ ವರದಿ ಬಂತು. ಜನ ಸ್ವಲ್ಪ ಹೆಚ್ಚಿದ್ದಾರೆ. ಆದರೆ ಇಂಥ ಸ್ಟಾಪಿನಲ್ಲಿ ಬಸ್ಸು ಮೇಲಿಂದ ಮೇಲೆ ತಡವಾಗುತ್ತಿದೆ, ಉಳಿದವರಿಗೆ ರೈಲು ತಪ್ಪುತ್ತಿದೆ, ಇಂಥ ಸೇವೆಗೆ ಇನ್ನೂ ದುಡ್ಡು ಹಾಕಬೇಕೇ? ಇಂಥ ಸ್ಟಾಪು ಎಂದರೆ ನಮ್ಮ ಮನೆಯ ಮುಂದಿನ ಸ್ಟಾಪು! ಉಳಿಸಲು ಹೊರಟವರೇ ಬಸ್ಸಿನ ಕುತ್ತಿಗೆ ಹಿಸುಕಿದ್ದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ನಿಮ್ಮ ಉಪಕಾರ ಸಾಕ್ರಿ. ಇನ್ನ ನಾ ನಡಕೊಂತ ಗುಡ್ಡ ಇಳೀತೀನಿ," ಎಂದೆ.

ಅವರು ಮದುವೆಯ ಸೂಟು ತೆಗೆದು ಇಸ್ತ್ರಿ ಮಾಡಲು ಕುಳಿತರು.

ಕೌನ್ಸಿಲ್ ಸಭೆಯ ಮೊದಲಲ್ಲಿ ಊರಿನವರು ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ನನ್ನನ್ನೂ ಎಳೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂರಿಸಿ, ತಾವು ಎದ್ದು ನಿಂತರು. ಅವರ ಜರ್ಮನ್ ನನ್ನದಕ್ಕಿಂತ ಕಡೆ. ನಾನಾದರೂ ಕ್ಲಾಸಿಗೆ ಹೋಗುತ್ತಿದ್ದೆ, ಆ ಬಸ್ಸಿನ ದಯೆಯಿಂದ. ರಜೆಯ ವಾರ ಎಣಿಸಿದ್ದು ಯಾವ ನ್ಯಾಯ ಎಂದು ಕೇಳಿದರು. ತಡಕ್ಕೆ ಕಾರಣ ತಾವೇ ಎಂದು ಒಪ್ಪಿಕೊಂಡು, ಇನ್ನು ಮೇಲೆ ಟಿಕೆಟ್ಟಿನ ಜಗಳವನ್ನು ಮನೆಯಲ್ಲೇ ಮುಗಿಸಿ ಬರುವುದಾಗಿ ಮಾತು ಕೊಟ್ಟರು. ಯಾವ ಜಗಳ ಎಂದು ಅಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಮೇಯರ್ ಬಹಳ ಮರ್ಯಾದೆಯಿಂದ, ತಾವು ಈ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತೀರೋ ಎಂದು ಕೇಳಿದರು.

"ಇಲ್ಲ," ಎಂದರು ಇವರು. ಸುಳ್ಳು ಹೇಳಲು ಬಾರದ ಮನುಷ್ಯ! ಸಭೆಯೆಲ್ಲ ನಕ್ಕಿತು. ನಾನು ತಲೆ ತಗ್ಗಿಸಿದೆ.

"ನನ್ನ ಹೆಂಡತಿ ಹೋಗುತ್ತಾಳೆ," ಎಂದು ಆ ಮುರುಕು ಜರ್ಮನ್ನಿನಲ್ಲೇ ಮುಂದುವರಿಸಿದರು. "ಬಸ್ಸು ನಿಂತರೆ ಅವಳು ವಾರವಿಡೀ ನೋಡುವುದು ಈ ಮುಖವೊಂದನ್ನೇ. ನೀವೇ ಸರಿಯಾಗಿ ನೋಡಿ ಹೇಳಿ, ಇಷ್ಟು ಸಾಕೇ?"

ಮತ್ತೆ ನಕ್ಕರು, ಆದರೆ ಆ ನಗು ಬೇರೆ ಥರದ್ದು. ಇನ್ನೊಂದು ವರ್ಷ ಓಡಲಿ, ಆಮೇಲೆ ನೋಡೋಣ ಎಂದು ಕೌನ್ಸಿಲ್ಲಿನವರು ಕೈ ಎತ್ತಿ ಮತ ಹಾಕಿದರು. ನಾನು ಮನೆಗೆ ಬಂದು ಮಾತು ಬಿಟ್ಟೆ. ಗಂಡನ ಮುಖ ನೋಡಲಾರದವಳು ಎಂದು ಊರೇ ತಿಳಿದುಕೊಂಡಿತಲ್ಲ!

ಆ ವರ್ಷ ಮುಗಿಯುವವರೆಗೆ ಅವರು ಇರಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಬುತ್ತಿ ಹಿಡಿದು ಹೋದವರಿಗೆ ಆಫೀಸಿನಲ್ಲೇ ಎದೆನೋವು ಬಂತು.

ಸುದ್ದಿ ಕೇಳಿ ಎಲ್ಲರೂ ಬಂದರು. ಯಾರೂ ಹೇಳದಿದ್ದರೂ ಬಸ್ಸಿನಲ್ಲೇ ಬಂದರು, ಆ ಬೆಂಗಳೂರಿನ ಹುಡುಗ ಕೂಡ. ಸಾವಾದ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇವೆ ಎನ್ನಬಾರದು. ಮನೆಯವರು ಕಳಿಸಲು ಏಳಬಾರದು. ಅವರು ಸದ್ದಿಲ್ಲದೆ ಬೂಟು ಹಾಕಿಕೊಂಡು ಇಳಿದು ಹೋದರು. ನಾನು ಕಿಟಕಿಯಲ್ಲಿ ನಿಂತೆ. ಬಸ್ಸು ಬಂತು. ಯಾರೂ ಯಾರ ಕೈಯನ್ನೂ ಎಳೆಯಲಿಲ್ಲ. ತಮ್ಮ ತಮ್ಮ ಟಿಕೆಟ್ ತೆಗೆದುಕೊಂಡು ಒಬ್ಬೊಬ್ಬರಾಗಿ ಹೋಗಿ ಕುಳಿತರು. ನೋಡಿ ನನಗೆ ಮೈ ಉರಿಯಿತು. ಇಷ್ಟು ಶಿಸ್ತಿನ ಜನ ಆಗ ಎಲ್ಲಿದ್ದರು?

ಎಲ್ಲರೂ ಕುಳಿತ ಮೇಲೂ ಬಸ್ಸಿನ ಬಾಗಿಲು ಮುಚ್ಚಲಿಲ್ಲ. ಮೀಸೆಯ ಡ್ರೈವರ್ ನಮ್ಮ ಮನೆಯ ಕಡೆ ನೋಡುತ್ತಾ ಕುಳಿತಿದ್ದ. ಅವನ ಲೆಕ್ಕದಲ್ಲಿ ಇನ್ನೂ ಒಂದು ತಲೆ ಬರಬೇಕಿತ್ತು.

ನನ್ನ ಜೊತೆ ಉಳಿದುಕೊಂಡಿದ್ದ ಹಿರಿಯರೊಬ್ಬರು, "ನೀ ಹೋಗಬಾರದವಾ," ಎಂದರು. ನಾನು ಕೋಟು ಹಾಕಿಕೊಂಡೆ. ಗೂಟದಲ್ಲಿದ್ದ ಮಂಕಿ ಕ್ಯಾಪನ್ನು ತಲೆಗೆ ಎಳೆದುಕೊಂಡು ಮೆಟ್ಟಿಲು ಇಳಿದೆ.

ಅವತ್ತೂ ಬಸ್ಸು ತಡವಾಯಿತು. ಬೇಕಾದರೆ ಬರೆದುಕೊಳ್ಳಲಿ.