ಬೀಗರಿಗಿ ಸಾಲಿ, ನನಗ ಮಾಸ್ತರಿಕಿ

ಪುಸ್ತಕಾ ಹಿಡ್ಕೊಂಡು ಮೂಲ್ಯಾಗ ಕುಂತವರನ್ನ ಕಂಡ್ರ ಸಾಕು, ನಮ್ಮ ಮನಿ ಮಂದಿಗಿ ತಟ್ಟನ ಒಂದು ಕೆಲಸಾ ನೆನಪಾಗ್ತೈತಿ. ಬ್ಯಾಳಿ ಆರಿಸು, ಹಪ್ಪಳಕ್ಕ ಕಾಗಿ ಕಾಯಿ, ಸೂಜಿಗಿ ದಾರ ಪೋಣಿಸು. ದಿನಾ ಇದ್ದದ್ದ ಇದು. ಆದ್ರ ಈ ಸಲ ಜೂನಿನ ಮಿರಗದ ಮಳಿ ಹೊತ್ತಿನಾಗ ಆಗಿದ್ದು ಮಾತ್ರ ಅತೀ ಆತು. ನಾ ನಾಕು ಮಂದ್ಯಾಗ ಬಾಯಿ ತಗಿಯಾಕಿ ಅಲ್ಲ, ಒಳಗೊಳಗ ಕುದಿಯಾಕಿ. ಇದನ್ನ ಯಾರ ಮುಂದರ ಹೇಳಾಕತ್ತಿದ್ದು ಇದ ಮೊದಲು.

ಕಲಿಯವ್ರು ಹೊರಗ, ಉಣ್ಣವ್ರು ಒಳಗ

ನಮ್ಮದು ಮನಗೂಳಿ ಹತ್ರ ಒಂದು ಸಣ್ಣ ಹಳ್ಳಿ. ಆಷಾಢ ಹತ್ತೋದ್ರೊಳಗ ಮಗಳ ಮದಿವಿ ಮುಗಿಸಬೇಕಂತ ಊರಾಗಿನ ದೊಡ್ಡ ಮನಿಯವ್ರು ಗಡಿಬಿಡಿ ಮಾಡಿದ್ರು. ಮುದ್ದೇಬಿಹಾಳ ಕಡಿಂದ ಬೀಗರು ಬರವ್ರು, ಅವರನ್ನ ಇಳಸಾಕ ಜಾಗಾ ಬೇಕು. ಊರಾಗ ದೊಡ್ಡ ಕಟ್ಟಡ ಅಂದ್ರ ಕನ್ನಡ ಸಾಲಿ ಒಂದ. ಸೂಟಿ ಮುಗದು ಸಾಲಿ ಆಗಷ್ಟ ಚಾಲೂ ಆಗಿತ್ತು, ಮತ್ತ ಒಂದು ವಾರ ಬಂದ್ ಮಾಡಿದ್ರು. ಪಾಟಿಚೀಲ ಹಿಡದ ಹುಡುಗ್ರನ್ನ ಮನಿಗಿ ಅಟ್ಟಿ, ಒಲಿಗಿ ಕಲ್ಲು ಹೊತಗೊಂಡು ಒಳಗ ಹೋದ್ರು. ಇದು ತಪ್ಪಂತ ಒಬ್ಬರಿಗೂ ಅನಸ್ಲಿಲ್ಲ. ಅನ್ನಬೇಕಾದ ಮಾಸ್ತರಿಗಿ ಎಲ್ಲರಕಿಂತ ಮೊದಲ ಲಗ್ನಪತ್ರಿಕಿ ಮುಟ್ಟಿತ್ತು.

ನಮ್ಮ ಚಿಗವ್ವ ಬಾಣಂತನಕ್ಕ ಇಂಡಿಗಿ, ತವರಮನಿಗಿ ಹೋಗಿದ್ಲು. ಅಕಿ ಮೂರು ಮಕ್ಕಳು ನಮ್ಮ ಕಡೆ ಇದ್ದುವು. ಸಾಲ್ಯಾಗ ನಾಕನೇತ್ತಾದ ದೊಡ್ಡಾಂವ, ಎರಡನೇತ್ತಾದ ಹುಡುಗಿ, ಒಂದನೇತ್ತಾದ ಸಣ್ಣಾಂವ. ನಾ ಹತ್ತನೇತ್ತಾ ಪಾಸಾಗಿದ್ದೆ. ಬಿಜಾಪುರದಾಗ ಸೋದರತ್ತಿ ಮನ್ಯಾಗ ಇದ್ದು ಕಾಲೇಜಿಗಿ ಹೋಗ್ತೇನಿ ಅಂತ ಅವ್ವನ ಕಡಿಂದ ಮುತ್ಯಾಗ, ಅಂದ್ರ ನಮ್ಮ ಅಜ್ಜಗ, ಹೇಳಿಸಿದ್ದೆ. ಮುತ್ಯಾ ಹೂಂ ಅನ್ನಬೇಕಿತ್ತು, ಅಷ್ಟ. ನಮ್ಮಪ್ಪ ಸೈತ ಮುತ್ಯಾನ ಮಾತು ದಾಟಂಗಿಲ್ಲ.

ಮುತ್ಯಾ ಎಲಿಗಿ ಸುಣ್ಣ ಹಚ್ಕೋತ ಅಂದ, "ಈ ಮೂರಕ್ಕೂ ಒಂದು ವಾರ ಮನ್ಯಾಗ ಸಾಲಿ ಮಾಡು. ಕಡೀಕ ನಾ ಪರೀಕ್ಷಾ ತಗೋತೇನಿ. ಹುಡುಗ್ರು ಹೆಂಗ ಹೇಳ್ತಾವ ನೋಡಿ, ನಿನ್ನ ಬಿಜಾಪುರದ ಮಾತು ನೋಡೂಣು."

ಹತ್ತನೇತ್ತಾ ಪರೀಕ್ಷಾ ನಾ ಕೊಟ್ಟಾಗಿತ್ತು. ಈಗ ನಾ ಕಾಲೇಜಿಗಿ ಹೋಗಬೇಕಂದ್ರ ಒಂದನೇತ್ತಾದಾಂವ ಪಾಸಾಗಬೇಕಾತು. ಅಂವಗ ಇನ್ನಾ ಮೂಗು ಒರಸ್ಕೊಳ್ಳಾಕ ಬರ್ತಿರಲಿಲ್ಲ.

ಸೂಟಿ ಕೊಡಾಕಿ ಅವ್ವ

ಪಡಸಾಲ್ಯಾಗ ಚಾಪಿ ಹಾಸಿ ಮೂರೂ ಮಂದಿನ್ನ ಕುಂದರಿಸಿದೆ. ದೊಡ್ಡಾಂವಗ ಹದಿನೇಳರ ಮಗ್ಗಿ, ಹುಡುಗಿಗಿ ಕಾಗುಣಿತ, ಸಣ್ಣಾಂವಗ ಅಆಇಈ. ಒಬ್ಬರಿಗಿ ಹೇಳಿಕೊಡೂಮುಂದ ಇನ್ನಿಬ್ರು ತಮ್ಮದು ಬರಿಬೇಕು ಅಂತ ನನ್ನ ಹಿಕಮತ್ತು. ಆದ್ರ ಆಗಿದ್ದು ಬ್ಯಾರೇನ. ದೊಡ್ಡಾಂವಗ ಮಗ್ಗಿ ಹೇಳಿದ್ರ ಸಣ್ಣಾಂವ ಪಾಟಿ ಬಿಟ್ಟು ಬಾಯಿ ತಗದು ಕೇಳಾಂವ. ಸಣ್ಣಾಂವಗ ಅಆಇಈ ಹೇಳಿದ್ರ ದೊಡ್ಡಾಂವ ರಾಗ ಮಾಡಿ ಹಾಡಾಂವ.

"ಅದು ನಿಂದಲ್ಲೋ," ಅಂದೆ.

"ನಂದು ಬಿರುಸ ಐತಿ. ಇದು ಹಗರ ಐತಿ," ಅಂದ.

ಅಷ್ಟ್ರಾಗ ಒಳಗಿಂದ ಅವ್ವ, "ದೊಡ್ಡಾಂವನ್ನ ಗಿರಣಿಗಿ ಕಳಸು. ಜ್ವಾಳದ ಬುಟ್ಟಿ ಪಾಳೇಕ ಹಚ್ಚಿ ಬರ್ಲಿ."

"ಅವ್ವಾ, ಸಾಲಿ ನಡದೈತಿ."

"ನಡೀಲಿ, ಯಾರು ಬ್ಯಾಡಂದ್ರು. ಇನ್ನಿಬ್ರು ಅದಾರಲ್ಲ."

ದೊಡ್ಡಾಂವ ಆಗಲೇ ಹೊಸ್ತಿಲಾ ದಾಟಿದ್ದ. ಸ್ವಲ್ಪೊತ್ತಿಗಿ ಹುಡುಗಿನ್ನ ಕರಿಬೇವು ತರಾಕ ಕರದ್ಲು. ಆಮ್ಯಾಲ ಸಣ್ಣಾಂವನ್ನ ಆಕಳ ಕರಾ ಕಾಯಾಕ ಕರಕೊಂಡು ಹೋದ್ಲು. ನನಗ ಸಿಟ್ಟು ನೆತ್ತಿಗೇರಿತು. ಅಡಗಿಮನಿ ಬಾಗಲ್ದಾಗ ನಿಂತು, "ಸಾಲ್ಯಾಗಿನ ಹುಡುಗ್ರನ್ನ ಹಿಂಗ ಎಬ್ಬಿಸಿ ಒಯ್ಯಾಕ ಬರಂಗಿಲ್ಲ. ಮಾಸ್ತರಿಗಿ ಕೇಳಬೇಕು," ಅಂದೆ. ನನ್ನ ಲೆಕ್ಕದಾಗ ಅದು ಭಾಳ ದೊಡ್ಡ ಭಾಷಣ.

ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ನನ್ನ ನೋಡಿದ್ಲು. "ಹೌದಲ್ಲ. ಸಾಲಿ ಖಾಲಿ ಆತಂದ್ರ ಮಾಸ್ತರಿಗೇನು ಕೆಲಸ? ಬಾ, ನೀರು ಸೇದಿ ಹಾಕು."

ಮೂರಾಳಿನ ಲೆಕ್ಕ

ಮರುದಿನ ದೊಡ್ಡಾಂವಗ ಒಂದು ಬಾಯಿಲೆಕ್ಕ ಹಾಕಿದೆ. ಹೊಲಾ ಹಚ್ಚಿ ಲೆಕ್ಕಾ ಕೇಳಿದ್ರ ಇವರಿಗಿ ಲಗೂ ತಿಳಿತೈತಿ ಅಂತ ನನ್ನ ಶಾಣ್ಯಾತನ.

"ಒಬ್ಬ ಆಳು ಒಂದು ಹೊಲದ ಕಸಾ ಆರು ದಿನದಾಗ ತಗದ್ರ, ಮೂರು ಆಳು ಎಷ್ಟು ದಿನದಾಗ ತಗೀತಾರ?"

ಅಂವ ಭಾಳ ಹೊತ್ತು ತೊಲಿ ನೋಡಿ, "ಒಂಬತ್ತು ದಿನ," ಅಂದ.

"ಆಳು ಹೆಚ್ಚಾದ್ರ ದಿನಾ ಕಡಿಮಿ ಆಗ್ಬೇಕಲ್ಲೋ."

"ಹೆಂಗ ಆಕ್ಕಾವ? ಒಬ್ಬಾಂವ ಇದ್ರ ಮಾತಾಡಾಕ ಯಾರೂ ಇರಂಗಿಲ್ಲ, ಕಸಾ ತಗೀತಾನ. ಮೂವರಾದ್ರ ಒಬ್ಬಾಂವ ಮಾತಾಡ್ತಾನ, ಒಬ್ಬಾಂವ ಕೇಳ್ತಾನ, ಇನ್ನೊಬ್ಬಾಂವ ತಂಬಾಕು ತಿಕ್ತಾನ."

ಇದು ತಪ್ಪಂತ ನಾ ಪಾಟಿ ಮ್ಯಾಲ ದೊಡ್ಡದೊಂದು ಗೆರಿ ಎಳದೆ. ಹೊರಗ ಕಟ್ಟಿ ಮ್ಯಾಲ ಮುತ್ಯಾ ತನ್ನ ಓರಗಿ ಮುದುಕರ ಜೋಡಿ ಕುಂತಿದ್ದ. ಅಲ್ಲಿಂದನ ಕೂಗಿದ, "ಏ ಮಾಸ್ತರ್, ಆ ಗೆರಿ ಅಳಿಸು. ಹುಡುಗ ಖರೇನ ಹೇಳ್ಯಾನ."

"ಮುತ್ಯಾ, ಪುಸ್ತಕದಾಗ ಎರಡು ದಿನಾ ಅಂತ ಐತಿ," ಅಂದೆ. ಧ್ವನಿ ನನಗ ಕೇಳಸ್ಲಿಲ್ಲ, ಮುತ್ಯಾಗ ಏನು ಕೇಳೀತು.

"ಪುಸ್ತಕಾ ಬರದಾಂವ ಎಂದರ ಆಳು ಹಚ್ಚಿ ಕೆಲಸಾ ಮಾಡ್ಸ್ಯಾನೇನು?"

ಕಟ್ಟಿ ಮ್ಯಾಲಿನ ಮುದುಕರೆಲ್ಲ ಹೌದು ಹೌದು ಅಂದ್ರು. ಒಬ್ಬಾಂವ, ತನ್ನ ಹೊಲಕ್ಕ ಹನ್ನೊಂದು ದಿನಾ ಹಿಡದಿತ್ತು ಅಂದ. ಪರೀಕ್ಷಾ ತಗೊಳ್ಳಾಂವನ ಹಿಂಗಂದ್ರ ನಾ ಯಾರಿಗಿ ಹೇಳ್ಲಿ? ಹುಡುಗಿ ಮಾತ್ರ ಸುಮ್ನ ಕುಂತು ಮುತ್ಯಾನ ಮಾತೆಲ್ಲಾ ಕೇಳಾಕತ್ತಿದ್ಲು.

ಹಾಜರಿ

ಮದಿವಿ ದಿನಾ ನಾ ಸೂಟಿ ಕೊಡಲಿಲ್ಲ. ಊರೆಲ್ಲಾ ಉಣ್ಣಾಕ ಹೋದ್ರ ನಮ್ಮ ಸಾಲಿ ಯಾಕ ಬಂದ್ ಆಗಬೇಕು? ಮನಿ ಪರವಾಗಿ ಮುತ್ಯಾ, ಅಪ್ಪ, ಅವ್ವ ಹೋಗಿ ಬರ್ತಾರ, ನಾವು ಮಗ್ಗಿ ಮುಗಸೂಣು ಅಂದೆ. ಮೂರೂ ಮಂದಿ ಗೋಣು ಹಾಕಿದ್ರು. ನಾ ನೀರು ಕುಡದು ಬರೂದ್ರಾಗ ಚಾಪಿ ಮ್ಯಾಲ ಪಾಟಿ ಅಷ್ಟ ಇದ್ದುವು.

ಹಿತ್ತಲಾ ನೋಡಿದೆ, ದನದ ಕೊಟ್ಟಗಿ ನೋಡಿದೆ. ಮಧ್ಯಾಹ್ನ ಇಳಿಹೊತ್ತಿಗಿ ಮೂವರೂ ಸಾಲಾಗಿ ಬಂದ್ರು. ಸಣ್ಣಾಂವನ ಗದ್ದದ ಮ್ಯಾಲ ಗೋದಿಹುಗ್ಗಿ ಒಣಗಿತ್ತು.

"ಎಲ್ಲಿ ಹೋಗಿದ್ರಿ?"

"ಸಾಲಿಗಿ," ಅಂದ ದೊಡ್ಡಾಂವ.

"ಸುಳ್ಳ ಹೇಳಬ್ಯಾಡ."

"ಆಣಿ ಮಾಡ್ತೇನಿ. ನಾಕನೇತ್ತಾ ಖೋಲ್ಯಾಗ ಪಂಕ್ತಿ ಹಾಕಿದ್ರು. ನಾ ನನ್ನ ಜಾಗಾದಾಗ ಕುಂತಿದ್ದೆ."

"ಯಾರೂ ಎಬ್ಬಸ್ಲಿಲ್ಲೇನು?"

"ಒಬ್ಬ ಬೀಗ ಬಂದು, ಇದು ನಮ್ಮ ಕಡ್ಯಾವ್ರ ಪಂಕ್ತಿ, ನೀ ಯಾರ ಪೈಕಿ ಅಂದ. ನಾ ಸಾಲಿ ಚಾಲೂ ಆದಾಗಿಂದ ಇಲ್ಲೇ ಕುಂದರ್ತೇನ್ರಿ, ನೀವು ಇವತ್ತು ಬಂದೀರಿ ಅಂದೆ."

ನಾ ಬಾಯಿ ತಗಿಯೋದ್ರಾಗ ಹುಡುಗಿ ಮೆಲ್ಲಕ ಅಂದ್ಲು, "ಯಕ್ಕಾ, ನಮ್ಮನ್ನ ಬೈಬ್ಯಾಡ. ಹುಗ್ಗಿ ನೀಡಾಕತ್ತವ್ರು ನಮ್ಮ ಮಾಸ್ತರ್. ಅವರೇ ನಮ್ಮ ಹಾಜರಿ ಹಿಡದು, ಎರಡೆರಡು ಸಲ ನೀಡಿದ್ರು."

ವರ್ಗಾ

ವಾರದ ಕಡೀಕ ಮುತ್ಯಾ ಪಡಸಾಲ್ಯಾಗ ಲೋಡಿಗಿ ಒರಗಿ ಕುಂತ. ಅಪ್ಪ ಕಂಬದ ಹತ್ರ, ಅವ್ವ ಬಾಗಲದ ಮರಿಗಿ.

"ಹದಿನೇಳು ಏಳಲೆ?" ದೊಡ್ಡಾಂವಗ ಕೇಳಿದ. ಅಂವ ತೊಲಿ ನೋಡಿದ.

"ನೂರಾ ಹತ್ತೊಂಬತ್ತು," ಅಂತ ಹಿಂದಿಂದ ಧ್ವನಿ ಬಂತು. ಸಣ್ಣಾಂವ. ಮುತ್ಯಾ ಹೊಳ್ಳಿ ನೋಡಿದ. ಸಣ್ಣಾಂವ ಮೂಗು ಏರಸ್ಕೋತ ಹದಿನೇಳರ ಮಗ್ಗಿ ಕಡೀತನಕ ಹೇಳಿ ಬಿಟ್ಟ. ಮುತ್ಯಾ ಆ ಮೂರಾಳಿನ ಲೆಕ್ಕ ಕೇಳಿದ. ಹುಡುಗಿ ಎದ್ದು ನಿಂತು, "ಎರಡು ದಿನಾ, ಆದ್ರ ಮುತ್ಯಾ ಬದುವಿನ ಮ್ಯಾಲ ನಿಂತಿರಬೇಕು," ಅಂದ್ಲು. ಮುತ್ಯಾನ ಮೀಸಿ ಅಳ್ಳಾಡಿದುವು. ಕಡೀಕ ದೊಡ್ಡಾಂವಗ, ನಿನಗೇನು ಬರ್ತೈತಿ ಅಂದ. ಅಂವ ಅಆಇಈ ಒಂದೂ ತಪ್ಪಿಲ್ಲದ ರಾಗ ಮಾಡಿ ಹಾಡಿದ.

ಮುತ್ಯಾ ತೊಡಿ ಬಡಕೊಂಡ. "ಒಂದನೇತ್ತಾದಾಂವ ಹದಿನೇಳರ ಮಗ್ಗಿ ಹೇಳ್ತಾನಂದ್ರ ಮಸ್ತ ಕಲ್ಸ್ಯಾಳ. ಇಂಥಾಕಿನ್ನ ಬಿಜಾಪುರಕ್ಕ ಕಳಸೂದಾ? ಇಲ್ಲೇ ಇರ್ಲಿ. ದಿನಾ ಸಂಜಿಗಿ ಸಾಲಿ ಮಾಡ್ಲಿ."

ಹುಡುಗ್ರು ದಡ್ಡರಾಗಿದ್ರೂ ನಾ ಇಲ್ಲೇ, ಶಾಣ್ಯಾ ಆದ್ರೂ ನಾ ಇಲ್ಲೇ.

"ಮುತ್ಯಾ, ನೀ ಮಾತು ಕೊಟ್ಟಿದ್ದಿ," ಅಂದೆ. ಇಡೀ ಪಡಸಾಲಿಗಿ ಕೇಳಿಸ್ತು. ಅಪ್ಪ ಕಂಬಾ ಬಿಟ್ಟು ನೆಟ್ಟಗ ನಿಂತ.

"ನೋಡೂಣು ಅಂದಿದ್ದೆ. ನೋಡ್ದೆ," ಅಂದ ಮುತ್ಯಾ.

ಆವಾಗ ಸಣ್ಣಾಂವ, "ಇನ್ನ ದಿನಾ ಇಕೀನ ಮಾಸ್ತರ್ ಏನು?" ಅಂತ ಕೇಳಿ, ಹೌದಂತ ತಿಳದು, ಗೊಳೋ ಅಂತ ಅಳಾಕ ಹತ್ತಿದ. ದೊಡ್ಡಾಂವ ಮುತ್ಯಾನ ಕಾಲ ಹತ್ರ ಬಂದು ಕುಂತ.

"ಮುತ್ಯಾ, ಇಕಿನ್ನ ಕಳಸು. ಸಾಲಿ ಮಾಸ್ತರು ಗಂಟಿ ಹೊಡದ್ರ ಅವರ ಮನಿಗಿ ಹೋಗ್ತಾರ. ಇಕಿ ಮನಿ ಇದ ಐತಿ. ಎಲ್ಲೂ ಹೋಗಂಗಿಲ್ಲ. ಉಣ್ಣಾಕ ಕುಂತ್ರೂ ಮಗ್ಗಿ ಕೇಳ್ತಾಳ, ಜಳಕಾ ಮಾಡೂಮುಂದ ಬಾಗಲಾ ಬಡದು ಕೇಳ್ತಾಳ."

ನಾ ಬಾಯಿ ತಗಿಯೋದ್ರಾಗ ಒಳಗಿಂದ ಜರ್ ಅಂತ ಸಪ್ಪಳ ಬಂತು. ಹುಡುಗಿ ನನ್ನ ಟ್ರಂಕು ಎಳಕೊಂಡು ಬರಾಕತ್ತಿದ್ಲು. ನನ್ನ ಅರಿವಿ-ಬಟ್ಟಿ ಆಗಲೇ ತುಂಬಿದ್ಲು. ಅದರಾಗ ಅಕಿ ತನ್ನ ಹೊಸಾ ರಿಬ್ಬನ್ನೂ ಲಂಚದಂಗ ಇಟ್ಟಿದ್ಲು, ನಾ ಹೊಳ್ಳಿ ಬರಬಾರದಂತ.

ಮುತ್ಯಾ ಕಣ್ಣಾಗ ನೀರು ಬರೂತನಕ ನಕ್ಕ. "ಮಾಸ್ತರನ್ನ ವರ್ಗಾ ಮಾಡ್ರಿ ಅಂತ ಊರ ಹಿರ್ಯಾರು ಅರ್ಜಿ ಕೊಡೂದು ನೋಡೇನಿ. ಹುಡುಗ್ರು ಕೊಟ್ಟಿದ್ದು ಇದ ಮೊದಲು. ಮಂಜೂರ. ಬಿಜಾಪುರಕ್ಕ ವರ್ಗಾ."

ಬೇಕಾದ್ದು ಸಿಕ್ತು. ಆದ್ರ ಇಷ್ಟು ಅವಮಾನ ಮಾಡಿ ಕೊಡಬೇಕಿತ್ತೇನು?

ಬಸ್ ಹತ್ತೂ ದಿನಾ ಮೂವರೂ ಬಂದ್ರು. ದೊಡ್ಡಾಂವ ಕಂಡಕ್ಟರಿಗಿ, "ಲಗೂ ಬಿಡ್ರಿ," ಅಂದ. ಸಣ್ಣಾಂವ ಮಾತ್ರ ಕಿಡಕ್ಯಾಗ ಕೈ ಹಾಕಿ ನನ್ನ ಬೆರಳು ಹಿಡಕೊಂಡ. ನನ್ನ ಕಣ್ಣು ತುಂಬಿ ಬಂದುವು. ಏನೋ ಹೇಳಬೇಕಂತಿದ್ದ. ಬಗ್ಗಿ ಕಿವಿ ಕೊಟ್ಟೆ.

"ಯಕ್ಕಾ, ನನಗ ಹದಿನೇಳರ ಮಗ್ಗಿ ಬರ್ತೈತಂತ ನಮ್ಮ ಮಾಸ್ತರಿಗಿ ಹೇಳೀಯೇನು?"

"ಇಲ್ಲೋ ಬಾಳಾ."

"ಹೇಳಬ್ಯಾಡ. ಹದಿನೆಂಟರದು ಕೇಳ್ತಾರ."