ಟ್ರಿಗರ್ ಮೀನಿಗೆ ಹದ್ದುಬಸ್ತು

ಮೂವತ್ತೆರಡು ವರ್ಷ ತಾಲ್ಲೂಕು ಸರ್ವೇಯರ್ ಆಗಿ ಅಣ್ಣತಮ್ಮಂದಿರ ಹೊಲಗಳ ನಡುವೆ ಬಾಂದು ಕಲ್ಲು ನೆಡಿಸಿದವರು, ಮಚ್ಚು ಹಿಡಿದು ಬಂದವರಿಗೆ ಕಾಫಿ ಕುಡಿಸಿ ಕಳಿಸಿದವರು ನಮ್ಮ ಮಧುರೆಯ ಲಕ್ಷ್ಮಯ್ಯನವರು. ಅಂಥವರಿಗೆ ಯಃಕಶ್ಚಿತ್ ಮೀನು ಯಾವ ಲೆಕ್ಕ!

"ನೋಡ್ತಿರು ಪಿಳ್ಳಿ, ಒಂದನ್ನೊಂದು ಕಚ್ಚಿ ಸಾಯಿಸೋ ಸಮುದ್ರದ ಮೀನುಗಳನ್ನ ಒಂದೇ ತೊಟ್ಟೀಲಿ ಬಾಳಿಸ್ತೀನಿ!" ಎಂದು ನಿವೃತ್ತಿಯ ಎರಡನೇ ತಿಂಗಳಲ್ಲಿ ಹೆಂಡತಿಯೆದುರು ಘೋಷಿಸಿದರು.

"ಮೊದ್ಲು ಗೋಡೆ ಆಚೆ ಇರೋ ತಮ್ಮನ್ನ ಒಂದ್ ಮಾತಾಡ್ಸಿ. ಆಮೇಲೆ ಮೀನು," ಎಂದ ಪಿಳ್ಳಮ್ಮ, ಅವರೆಕಾಯಿ ಬುಟ್ಟಿ ಸೊಂಟಕ್ಕೇರಿಸಿಕೊಂಡು ಓರಗಿತ್ತಿ ಮಾರಕ್ಕನ ಮನೆಗೆ ಹೊರಟೇಬಿಟ್ಟಳು. ಹೋದರೆ ಬರುವುದು ಸಂಜೆಗೇ.

ಆ ಗೋಡೆಯದೊಂದು ಕಥೆ. ಆರು ವರ್ಷದ ಹಿಂದೆ ಮನೆ ಭಾಗವಾದಾಗ ಟೇಪು ಹಿಡಿದವರು ಸ್ವತಃ ಲಕ್ಷ್ಮಯ್ಯನವರೇ. "ಕೂದಲೆಳೆ ವ್ಯತ್ಯಾಸ ಬಂದ್ರೂ ಈ ಮೀಸೆ ಬೋಳಿಸ್ತೀನಿ!" ಎಂದು ಪಂಚರೆದುರು ಗರ್ಜಿಸಿ ಗೆರೆ ಎಳೆದರು. ತಮ್ಮ ಗಂಗಣ್ಣ ತುಟಿಪಿಟಕ್ಕೆನ್ನದೆ ಆ ಗೆರೆಯ ಮೇಲೆ ಗೋಡೆ ಎಬ್ಬಿಸಿದ. ಜಗಳವಾಗಿದ್ದರೆ ರಾಜಿಗಾದರೂ ದಾರಿಯಿರುತ್ತಿತ್ತು; ಅಳತೆ ಅಷ್ಟು ಅಚ್ಚುಕಟ್ಟಾದ್ದರಿಂದ ಜಗಳಕ್ಕೆ ಜಾಗವೇ ಉಳಿಯಲಿಲ್ಲ. ಮೊದಮೊದಲು ಹಬ್ಬಕ್ಕೆ ನಾಲ್ಕು ಮಾತಿತ್ತು. ಆಮೇಲೆ ಗೋಡೆಯಾಚೆಯಿಂದ ತಮ್ಮನ ಕೆಮ್ಮು ಮಾತ್ರ ಕೇಳುತ್ತಿತ್ತು. ಕಚೇರಿಯಲ್ಲಿ ದಿನಕ್ಕೆ ನಲವತ್ತು ಜನ ಬಂದು ಮೈಮೇಲೆ ಬೀಳುತ್ತಿದ್ದ ಮನುಷ್ಯನಿಗೆ ಈಗ ಗೋಡೆ ಗಡಿಯಾರದ ಟಿಕ್ ಟಿಕ್ಕೇ ಸಂಗಾತಿ.

ಸರಿ, ಆರಡಿ ಉದ್ದದ ಗಾಜಿನ ತೊಟ್ಟಿ ಬಂತು. ಮಧುರೆಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗಲು ಒಂದು ಹಗಲು ಬಸ್ಸಿನಲ್ಲಿ ಕೂರಬೇಕು. ಆದ್ದರಿಂದ ಸಮುದ್ರವೇ ಉಪ್ಪಿನ ಚೀಲಗಳಾಗಿ ಆಟೋದಲ್ಲಿ ಬಂತು!

"ಬಿಪಿ ಅಂತ ನಿಮ್ಮ ಸಾರಿಗೆ ಚಿಟಿಕೆ ಉಪ್ಪು ಹಾಕ್ತಿದೀನಿ. ಇವಕ್ಕೆ ಮೂಟೆಗಟ್ಲೆನಾ?" ಎಂದಳು ಪಿಳ್ಳಮ್ಮ.

ದೊಡ್ಡಬಳ್ಳಾಪುರದ ಮೀನಿನಂಗಡಿಯ ಸುನಿಲ್‌ಕುಮಾರ್ ನಾಲ್ಕು ಮೀನು ತಂದ. ಬಾಲದಲ್ಲಿ ಚೂರಿ ಇಟ್ಟುಕೊಂಡ ಸರ್ಜನ್ ಮೀನು. ಕೋಪ ಬಂದರೆ ಚುನಾವಣೆ ಗೆದ್ದವನಂತೆ ಉಬ್ಬುವ ಪಫರ್. ಹೆಬ್ಬೆರಳುದ್ದವಿದ್ದರೂ ಊರಿಗೆಲ್ಲ ಸವಾಲು ಹಾಕುವ ನೀಲಿ ಡ್ಯಾಮ್ಸೆಲ್. ಕಪ್ಪೆಚಿಪ್ಪನ್ನೇ ಕಡಲೆಯಂತೆ ಕಟಕಟ ಒಡೆಯುವ ಟ್ರಿಗರ್.

"ಸರ್, ಈ ಟ್ರಿಗರ್ ಪಕ್ಕಾ ರೌಡಿ. ಇದನ್ನ ಕೊನೇಲಿ ಬಿಡಿ. ಬಿಡೋ ಮುಂಚೆ ಒಳಗಿನ ಕಲ್ಲೆಲ್ಲ ಅದಲುಬದಲು ಮಾಡಿ. ಯಾವ ಜಾಗ ಯಾರದು ಅಂತ ಯಾವನಿಗೂ ಗೊತ್ತಾಗಬಾರ್ದು. ಆಗ್ಲೇ ಸುಮ್ನಿರ್ತವೆ."

"ಗಡಿ ಗೊತ್ತಾಗ್ದಿದ್ರೆ ಶಾಂತೀನಾ? ಯಾರಿಗೆ ಪಾಠ ಹೇಳ್ತಿದೀಯಪ್ಪಾ!"

ಆ ಮಧ್ಯಾಹ್ನವೇ ತೊಟ್ಟಿಗೆ ಹದ್ದುಬಸ್ತು ನಡೆಯಿತು. ತಲೆಗೆ ಒಂದೂವರೆ ಅಡಿ, ನಡುನಡುವೆ ಕಲ್ಲಿನ ಸಾಲು. ಗಾಜಿನ ಮೇಲೆ ನಕ್ಷೆ ಅಂಟಿತು: ಟ್ರಿಗರ್‌ಗೆ ಸೇರಿದ ಸ್ವತ್ತು, ಪೂರ್ವಕ್ಕೆ ಪಫರ್‌ನ ಸ್ವತ್ತು, ಪಶ್ಚಿಮಕ್ಕೆ ಫಿಲ್ಟರ್ ಪೈಪು!

ಮೂರು ದಿನ ರಾಮರಾಜ್ಯ. ನಾಲ್ಕನೇ ದಿನ ಪ್ರತಿ ಮೀನಿಗೂ ತನ್ನ ಗಡಿ ಬಾಯಿಪಾಠವಾಗಿ, ಕುರುಕ್ಷೇತ್ರ ಶುರುವಾಯಿತು! ಡ್ಯಾಮ್ಸೆಲ್ ಗಡಿಗೆ ಬಂದು ಸರ್ಜನ್ನನ್ನು ಕೆಣಕಿತು. ಸರ್ಜನ್ ಬಾಲ ಬೀಸಿದ್ದು ಪಫರ್‌ಗೆ ತಗುಲಿತು. ಪಫರ್ ಉಬ್ಬಿ, ಉರುಳಿ, ಟ್ರಿಗರ್‌ನ ಜಮೀನಿನಲ್ಲಿ ಅತಿಕ್ರಮ ಪ್ರವೇಶ ಮಾಡಿತು. ಟ್ರಿಗರ್ ಬಾಂದು ಕಲ್ಲನ್ನೇ ಬಾಯಲ್ಲಿ ಕಚ್ಚಿ ಎತ್ತೊಗೆಯಿತು! ನ್ಯಾಯ ಕೊಡಿಸಲು ಕೈಹಾಕಿದ ಲಕ್ಷ್ಮಯ್ಯನವರ ತೋರುಬೆರಳಿನ ತುದಿ ಅದರ ಬಾಯಿಗೆ ಸಿಕ್ಕಿತು.

"ಅಯ್ಯಯ್ಯಪ್ಪಾ!"

"ಮೇಲ್ಮನವಿ ಹಾಕ್ಕೊಳ್ಳಿ," ಎಂದಳು ಅರಿಶಿನ ಮೆತ್ತುತ್ತಾ ಪಿಳ್ಳಮ್ಮ.

ಸುನಿಲ್‌ಕುಮಾರ್ ಬಂದು, ನಕ್ಷೆ ನೋಡಿ, ಹಣೆ ಚಚ್ಚಿಕೊಂಡು, ಮೂರೂ ಗಾಯಾಳುಗಳನ್ನು ಚಿಕಿತ್ಸೆಗೆ ಅಂಗಡಿಗೆ ಒಯ್ದ. ಆರಡಿ ಸಾಮ್ರಾಜ್ಯಕ್ಕೆ ಟ್ರಿಗರ್ ಒಂದೇ ಚಕ್ರವರ್ತಿ!

ಚಕ್ರವರ್ತಿ ಎರಡೇ ದಿನಕ್ಕೆ ಊಟ ಬಿಟ್ಟಿತು. ಸೀಗಡಿ ಹಾಕಿದರೂ ತಿರುಗಿ ನೋಡಲಿಲ್ಲ. ಗೆದ್ದ ಜಾಗವನ್ನೆಲ್ಲ ಬಿಟ್ಟು ಮೂಲೆಯಲ್ಲಿ ಒರಗಿಕೊಂಡಿತು. ಲಕ್ಷ್ಮಯ್ಯನವರು ಕುರ್ಚಿ ಹಾಕಿಕೊಂಡು ಎದುರು ಕುಳಿತರು. ಅದು ಇವರನ್ನು ನೋಡಿತು, ಇವರು ಅದನ್ನು. ಗಡಿಯಾರ ಟಿಕ್ ಟಿಕ್ ಎಂದಿತು. ಇದೂ ಹೋದರೆ ಹಗಲೊತ್ತು ಮನೆಯಲ್ಲಿ ಮುಖ ಕೊಟ್ಟು ನೋಡುವ ಜೀವ ಇನ್ನೊಂದಿಲ್ಲ ಎನಿಸಿ ಫೋನು ಮಾಡಿದರು.

"ನೀರು ಸರಿಯಾಗಿದ್ರೆ ಕಾಯಿಲೆ ಏನಿಲ್ಲ ಸರ್," ಎಂದ ಸುನಿಲ್‌ಕುಮಾರ್. "ಕಚ್ಚಾಡೋಕೆ ಯಾರೂ ಇಲ್ವಲ್ಲ, ಬೇಜಾರು. ದಿನಾ ಹತ್ನಿಮಿಷ ಒಂದು ಕನ್ನಡಿ ಹಿಡೀರಿ."

ಗಡ್ಡ ಕೆರೆಯುವ ಕನ್ನಡಿ ತಂದು ಗಾಜಿಗೆ ಹಿಡಿದದ್ದೇ ತಡ, ಟ್ರಿಗರ್ ಸಿಡಿದೆದ್ದಿತು! ರೆಕ್ಕೆ ನಿಗುರಿಸಿ, ಹಲ್ಲು ಕಿಸಿದು, ಕನ್ನಡಿಯೊಳಗಿನ ದಾಯಾದಿಗೆ ಡಿಕ್ಕಿ ಹೊಡೆಯಿತು. ಬಳಿಕ ಸಂಭ್ರಮದಿಂದ ಎರಡು ಸೀಗಡಿ ನುಂಗಿತು!

ಕನ್ನಡಿ ಹಿಡಿದ ಕೈ ಸೋತಿತು. ಗೋಡೆಯಾಚೆ ಪಿಳ್ಳಮ್ಮ, ಮಾರಕ್ಕ ಏನಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ನಡುವೆ ಒಂದು ಒಂಟಿ ಕೆಮ್ಮು.

ಲಕ್ಷ್ಮಯ್ಯನವರು ಕನ್ನಡಿ ಕೆಳಗಿಟ್ಟರು. ಹಿತ್ತಲಿಗೆ ಹೋದರು. ಒಗೆಯುವ ಕಲ್ಲು ಹತ್ತಿ ನಿಂತರು. ಗಂಟಲು ಸರಿಮಾಡಿಕೊಂಡು, ಬಾಯಿಗೆ ಬಂದ ಸುಳ್ಳೊಂದನ್ನು ಎತ್ತಿ ಒಗೆದರು:

"ಲೇ ಗಂಗಾ! ನಿನ್ನ ಗೋಡೆ ನನ್ನ ಜಾಗಕ್ಕೆ ನಾಲ್ಕಿಂಚು ಒತ್ತುವರಿ ಆಗೈತೆ ಕಣೋ!"

ಆಚೆ ನಗು ನಿಂತಿತು. ಕೆಮ್ಮೂ ನಿಂತಿತು. ಆಮೇಲೆ ಗೋಡೆಯ ಮೇಲೆ ಗಂಗಣ್ಣನ ಬೋಳುತಲೆ ಮೂಡಿತು.

"ನಾಲ್ಕಲ್ಲ ಕಣಣ್ಣ, ಒಂಬತ್ತು! ನೀನೆಳೆದ ಗೆರೇನೇ ತಪ್ಪು ಅಂತ ಪಾಯ ತೋಡಿದ ದಿನಾನೇ ಮೇಸ್ತ್ರಿ ಹೇಳಿದ್ದ. ಜಗಳಕ್ಕೆ ಇವತ್ ಬರ್ತೀಯ, ನಾಳೆ ಬರ್ತೀಯ ಅಂತ ಆರು ವರ್ಷದಿಂದ ಕಾಯ್ತಾ ಕುಂತಿದೀನಿ... ಟೇಪ್ ತಗೊಂಡ್ ಬಾ. ಹಂಗೇ ಆ ಮೀಸೆಗೊಂದು ರೇಜರ್ರೂ!"