ಥಾಯ್ಲೆಂಡಿನಲ್ಲಿ ಚುಚ್ಚಿಕೊಂಡ ಸೂಜಿ

ಲಿವರ್ ಕಾಯಿಲೆಯ ತರಬೇತಿಗೆ ಥಾಯ್ಲೆಂಡಿಗೆ ಹೋಗಬೇಕೆಂದು ಆದೇಶ ಬಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನನ್ನನ್ನು ಬಿಟ್ಟು ಇನ್ಯಾರನ್ನು ಕಳಿಸುತ್ತಾರೆ? ಸಿಂದಗಿ ಕಡೆಯ ಸಣ್ಣ ಆಸ್ಪತ್ರೆಯೊಂದರ ನರ್ಸು ನಾನು, ಈ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ದೇವರ ಹಿಪ್ಪರಗಿ ಸಂತೆಯಲ್ಲಿ ನನ್ನನ್ನು ಕಂಡರೆ ಮಕ್ಕಳು ಈಗಲೂ ಅವ್ವನ ಸೆರಗಿನ ಹಿಂದೆ ಅಡಗುತ್ತವೆ. ಹೆಪಟೈಟಿಸ್ ಬಿ ರಕ್ತದಿಂದ ಹರಡುತ್ತದೆ, ತಾಯಿಯಿಂದ ಮಗುವಿಗೂ ಬರುತ್ತದೆ, ಸದ್ದಿಲ್ಲದೆ ಲಿವರನ್ನು ಕೆಡಿಸುತ್ತದೆ, ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಿ ಎಂದು ಊರೂರು ತಿರುಗಿ ಕೂಗಿದವಳೂ ನಾನೇ!

"ನೀ ಅಲ್ಲಿ ಕಲ್ಯಾಕ ಹೊಂಟಿ, ಕಲಸಾಕಲ್ಲ. ಬಾಯಿ ಸ್ವಲ್ಪ ಕಡಿಮಿ ಇರ್ಲಿ" ಎಂದರು ನನ್ನ ಗಂಡ. ಅವರು ಸಾಲಿ ಮಾಸ್ತರು.

"ನನಗ ಅವರೇನ ಕಲಸ್ತಾರ್ರಿ?" ಎಂದು ಬ್ಯಾಗಿನ ಜಿಪ್ ಎಳೆದೆ.

ತರಗತಿಯಲ್ಲಿ ಬೇರೆ ಬೇರೆ ದೇಶಗಳ ನಲವತ್ತು ಜನ. ಎರಡನೆಯ ದಿನ ಡಾಕ್ಟರ್ ಮೇಡಂ ಮೇಜಿನ ಮೇಲೆ ಒಂದು ರಬ್ಬರ್ ತೋಳು ಇಟ್ಟು, ಸುರಕ್ಷಿತವಾಗಿ ಇಂಜೆಕ್ಷನ್ ಕೊಡುವುದನ್ನು ಯಾರು ತೋರಿಸುತ್ತೀರಿ ಎಂದು ಕೇಳಿದರು. ನನ್ನ ಕೈ ತಾನಾಗಿಯೇ ಮೇಲೆದ್ದಿತು.

"ಅಕ್ಕಾರ, ಮೊದಲ ಬ್ಯಾರೇದವರು ಮಾಡ್ಲಿ, ನೋಡೂಣು" ಎಂದು ಪಕ್ಕದಲ್ಲಿದ್ದ ಸಿದ್ದಪ್ಪ ಪಿಸುಗುಟ್ಟಿದ. ಇಂಡಿಯಿಂದ ಬಂದಿದ್ದ ಲ್ಯಾಬ್ ಟೆಕ್ನಿಷಿಯನ್ ಅವನು.

"ನೋಡೂದೇನೈತಿ? ಸಿಂದಗಿ ಕೈಚಳಕ ತೋರಸ್ತೇನಿ, ತಡಿಯೋ!"

ಸೂಜಿ ಸರಿಯಾಗಿಯೇ ಇಳಿಯಿತು. ಸಿರಿಂಜನ್ನು ಹಾಗೆಯೇ ಬಳಸಿದ ಸೂಜಿಗಳ ಡಬ್ಬಿಗೆ ಹಾಕಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ಸೇವೆ ಸಲ್ಲಿಸಿದ ಎಡಗೈ ಸುಮ್ಮನಿರಬೇಕಲ್ಲ! ಮುಚ್ಚಳ ಎತ್ತಿ ಸೂಜಿಗೆ ತೊಡಿಸಲು ಹೋಯಿತು. ಸೂಜಿ ಮುಚ್ಚಳಕ್ಕೆ ಹೋಗದೆ ಹೆಬ್ಬೆರಳಿಗೆ ಹೋಯಿತು.

"ಯವ್ವಾ!"

ಬಳಸಿದ ಸೂಜಿಗೆ ಮುಚ್ಚಳ ಹಾಕಬಾರದು ಎಂದು ಹಿಂದಿನ ಬೋರ್ಡಿನ ಮೇಲೇ ಬರೆದಿತ್ತು. ಬೆಳಿಗ್ಗೆ ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದವಳು ನಾನು.

ಸೂಜಿ ಹೊಸದು, ಒಳಗಿದ್ದದ್ದು ಬರೀ ನೀರು. "ನೋ ಪ್ರಾಬ್ಲಮ್ ಮೇಡಂ" ಎಂದೆ. ಮೇಡಂ ಒಪ್ಪಲಿಲ್ಲ. ನಿಯಮ ಅಂದರೆ ನಿಯಮ. ರಕ್ತ ತೆಗೆದರು, ಫಾರ್ಮ್ ತಂದರು. ಲಸಿಕೆ ಹಾಕಿಸಿಕೊಂಡ ಮೂರು ದಿನಾಂಕ ಬರೆಯಬೇಕಿತ್ತು. ಮೊದಲನೆಯದು ನೌಕರಿಗೆ ಸೇರಿದ ವರ್ಷ ಎಂದೆ. ಅಲ್ಲಿಗೆ ನಿಂತೆ.

"ಅಕ್ಕಾರ, ಎರಡನೇದು?" ಸಿದ್ದಪ್ಪ ಕೇಳಿದ.

"ನೆನಪ ಮಾಡ್ಕೊಳ್ಳಾಕತ್ತೇನಿ."

"ಮೂರನೇದು?"

"ಎರಡನೇದು ಆದ ಮ್ಯಾಲ ಅಲ್ಲೇನೋ ಮೂರನೇದು!"

ನಮ್ಮ ಮನೆಗಳಲ್ಲಿ ಬಡಿಸುವ ಹೆಂಗಸು ಕೊನೆಗೆ ಉಣ್ಣುತ್ತಾಳೆ. ಲಸಿಕೆಯನ್ನೂ ನಾನು ಹಾಗೆಯೇ ಬಡಿಸಿದ್ದೆ. ಒಂದು ಬಾಟಲಿಗೆ ಹತ್ತು ಡೋಸ್. ಒಂಬತ್ತು ಮುಗಿಸಿ ಇನ್ನು ನನ್ನ ತೋಳು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಡ್ರೈವರೋ ಕಸಗುಡಿಸುವವಳೋ ನಿಂತಿರುತ್ತಿದ್ದರು. "ಬಾ, ನಂದೇನ, ನಾಳಿ ಹಾಕ್ಕೊಂಡ್ರಾತು" ಎನ್ನುತ್ತಿದ್ದೆ. ಆ ನಾಳೆ ಬರಲೇ ಇಲ್ಲ.

ಫಲಿತಾಂಶ ಮರುದಿನ ಮಧ್ಯಾಹ್ನ ಎಂದರು. ಅಲ್ಲಿಯವರೆಗೆ ನನ್ನ ಜೀವ ಕೈಯಲ್ಲಿ! ಹೆರಿಗೆ ಕೋಣೆಯಲ್ಲಿ ಕರೆಂಟು ಹೋದಾಗ ಬಳಸಿದ ಸೂಜಿ ಕೈಗೆ ಚುಚ್ಚಿದ್ದು, ಮೊದಲು ಮುದ್ದೇಬಿಹಾಳದ ಕಡೆ ಇದ್ದಾಗ ಚುಚ್ಚಿದ್ದು, ಸೆರಗಿಗೆ ಒರೆಸಿಕೊಂಡು ಮುಂದಿನ ಕೆಲಸಕ್ಕೆ ಓಡಿದ್ದು, ಒಂದೊಂದೇ ನೆನಪಾದವು. ಅವುಗಳಾದ ಮೇಲೆ ಎರಡು ಮಕ್ಕಳನ್ನು ಹೆತ್ತಿದ್ದೇನೆ. ನನ್ನಿಂದ ಅವಕ್ಕೂ ಹೋಗಿದ್ದರೆ? ಮನೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಗಂಡ ನಗುತ್ತಾರೆ ಅಂದುಕೊಂಡಿದ್ದೆ.

"ಏನ ಬಂದ್ರೂ ಕೂಡೇ ನೋಡೂಣು. ನೀ ಉಂಡೀ ಇಲ್ಲೋ?" ಎಂದರು. ಅಷ್ಟಕ್ಕೇ ಅಳು ಬಂತು.

ಮರುದಿನ ಮೇಡಂ ನನ್ನ ಎರಡೂ ಕೈ ಹಿಡಿದುಕೊಂಡರು. ಕಾಯಿಲೆ ಇಲ್ಲ, ಆದರೆ ರಕ್ಷಣೆಯೂ ಇಲ್ಲ, ಇಷ್ಟು ವರ್ಷ ಉಳಿದದ್ದು ಅದೃಷ್ಟ, ಮೊದಲ ಡೋಸಿಗೆ ದಾಖಲೆ ಇಲ್ಲದ್ದರಿಂದ ಇವತ್ತೇ ಹೊಸದಾಗಿ ಶುರುಮಾಡೋಣ ಎಂದರು. ಸಿದ್ದಪ್ಪ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದ. ಆ ಹೊತ್ತಿಗೆ ನನಗೆ ಬರುವ ಇಂಗ್ಲಿಷೆಲ್ಲ ಹಾರಿಹೋಗಿತ್ತು. ಬಗ್ಗಿ ಅವರ ಕಾಲಿಗೆ ಬಿದ್ದೆ. ನಾನು ಎಚ್ಚರ ತಪ್ಪಿ ಬಿದ್ದೆನೆಂದು ತಿಳಿದು ಮೇಡಂ ಕಿರುಚಿದರು. ಗಾಲಿಕುರ್ಚಿ ಬಂತು!

"ಏನೂ ಆಗಿಲ್ರಿ, ನಮಸ್ಕಾರ ಮಾಡಾಕತ್ತಾರ್ರಿ!" ಎಂದು ಸಿದ್ದಪ್ಪ ಗಾಬರಿಯಲ್ಲಿ ಕನ್ನಡದಲ್ಲೇ ಕೂಗುತ್ತಿದ್ದ. ಆ ಮಹಾತಾಯಿಯ ಋಣ ದೊಡ್ಡದು. ಅವರು ನಿಯಮ ಬಿಟ್ಟಿದ್ದರೆ ನಾನು ಹಾಗೆಯೇ ತಿರುಗುತ್ತಿದ್ದೆ.

ಊರಿಗೆ ಬಂದ ಮೇಲೆ ಆಸ್ಪತ್ರೆಯಲ್ಲಿ ಶಾಲು ಹೊದಿಸಿ, ಏನು ಕಲಿತಿರಿ ಹೇಳಿ ಎಂದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ಯಾರೂ ನಗಲಿಲ್ಲ. ಹಿಂದಿನಿಂದ ಆಯಾ ಕಾಶಿಬಾಯಿ ಮೆಲ್ಲಗೆ ಎದ್ದು ನಿಂತಳು.

"ಅಕ್ಕಾರ, ನಂದೂ ಒಂದ ಡೋಸ್ ಆಗೇತ್ರಿ."

ನೋಡನೋಡುತ್ತ ಏಳು ಕೈ ಎದ್ದವು. ವಾರದೊಳಗೆ ಏಳೂ ಜನರ ರಕ್ತ ಪರೀಕ್ಷೆಯಾಯಿತು. ಎಲ್ಲರೂ ಆರಾಮ. ದೇವರು ದೊಡ್ಡವನು.

ನನ್ನ ಎರಡನೆಯ ಡೋಸಿನ ದಿನ ಅವರೆಲ್ಲ ತಮ್ಮ ಲಸಿಕೆಗೆ ಸಾಲಾಗಿ ಕುಳಿತಿದ್ದರು. ನಾನು ತೋಳು ಮುಂದೆ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿ, ಇಡೀ ಓಪಿಡಿಗೆ ಕೇಳುವಂತೆ ಚೀರಿದೆ. ಇರುವೆ ಕಚ್ಚಿದಷ್ಟೇ ಆಗುತ್ತದೆ ಎಂದು ಇಪ್ಪತ್ತೆರಡು ವರ್ಷ ಮಂದಿಗೆ ಧೈರ್ಯ ಹೇಳಿದ್ದೆ. ಶುದ್ಧ ಸುಳ್ಳು!